ಒಂದೇ ಯುದ್ಧ, ಎರಡೂ ಕಡೆ ಜೆಫರ್ಸನ್ ಡೇವಿಸ್!

ನಮಸ್ಕಾರ. ಒಂದು ಕ್ವಿಜ್ ಪ್ರಶ್ನೆ. ಅಮೆರಿಕದ ಅಂತರ್ಯುದ್ಧದಲ್ಲಿ ಜೆಫರ್ಸನ್ ಡೇವಿಸ್ ಯಾವ ಕಡೆ ಇದ್ದ? ದಕ್ಷಿಣದ ಕಡೆ ಅಂದ್ರಾ? ಸರಿ. ಉತ್ತರದ ಕಡೆ ಅಂದ್ರಾ? ಅದೂ ಸರಿ!

ಹಿನ್ನೆಲೆ ಬೇಗ ಮುಗಿಸುತ್ತೇನೆ. 1861ರಿಂದ 1865ರವರೆಗೆ ಯುದ್ಧ. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ದೇಶ ಬಿಟ್ಟು ಹೊರಟವು. ಅವುಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್. ಇತ್ತ ಉತ್ತರದ ಕಡೆ, ಅಧ್ಯಕ್ಷ ಲಿಂಕನ್ ಸೇನೆಯಲ್ಲಿ, ಇಂಡಿಯಾನಾ ರಾಜ್ಯದ ಒಬ್ಬ ಜನರಲ್ ಇದ್ದ. ಅವನೂ ಜೆಫರ್ಸನ್ ಡೇವಿಸ್! ಇಬ್ಬರೂ ಸಂಬಂಧಿಕರಲ್ಲ. ಜನರಲ್ ಹೆಸರಿನ ನಡುವೆ ಒಂದು 'ಸಿ' ಇತ್ತು. ಸಿ ಅಂದರೆ ಕೊಲಂಬಸ್.

ಕ್ಲಾಸಲ್ಲಿ ಇಬ್ಬರು ಮಂಜುನಾಥ ಇದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಹಾಜರಿ ಕೂಗ್ತಾರೆ, ಅಲ್ವಾ? ಆದರೆ ರಣರಂಗದಲ್ಲಿ ಇನಿಷಿಯಲ್ ಯಾರು ಕೇಳ್ತಾರೆ?

[ಪರದೆಯ ಮೇಲೆ ಜಾರ್ಜಿಯಾ ನಕ್ಷೆ]

1863ರ ಸೆಪ್ಟೆಂಬರ್ 20, ಜಾರ್ಜಿಯಾದ ಚಿಕಮಾಗಾ ರಣರಂಗ. ಉತ್ತರದ ಸೇನೆಯ ಬಹುಪಾಲು ಆಗಲೇ ಕಾಲ್ಕಿತ್ತಿದೆ. ಹಾರ್ಸ್‌ಶೂ ರಿಡ್ಜ್ ಎಂಬ ಗುಡ್ಡದ ಮೇಲೆ ಓಹಾಯೋದ 21ನೇ ರೆಜಿಮೆಂಟ್ ಇನ್ನೂ ಹಟ ಹಿಡಿದು ಕೂತಿದೆ. ಗುಂಡು ಖಾಲಿಯಾಗುತ್ತಿದೆ, ಕತ್ತಲೂ ಆಗುತ್ತಿದೆ. ಒಂದಷ್ಟು ಜನ ಗುಡ್ಡ ಹತ್ತಿ ಬರುತ್ತಿದ್ದಾರೆ. ನಮ್ಮವರೋ, ಅವರೋ? ಒಬ್ಬ ಸೈನಿಕ ಕೂಗಿ ಕೇಳಿದ: ಯಾರ ಪಡೆ ನಿಮ್ಮದು?

ಉತ್ತರ ಬಂತು: ಜೆಫ್ ಡೇವಿಸ್ ಪಡೆ!

ಓಹೋ, ನಮ್ಮ ಜನರಲ್ ಸಹಾಯಕ್ಕೆ ಜನ ಕಳಿಸಿದ್ದಾನೆ ಅಂತ ಓಹಾಯೋದವರು ನಿರಾಳವಾದರು. ಹತ್ತಿರ ಬಂದ ಮೇಲೆ ನೋಡಿದರೆ ಫ್ಲೋರಿಡಾದ 7ನೇ ರೆಜಿಮೆಂಟ್, ಬಂದೂಕು ಎದೆಗೆ ಗುರಿಯಿಟ್ಟು ನಿಂತಿದೆ. ಶರಣಾಗದೆ ಬೇರೆ ದಾರಿ ಇರಲಿಲ್ಲ. ನನಗೆ ಇಷ್ಟವಾಗೋದು ಏನಂದ್ರೆ, ಫ್ಲೋರಿಡಾದವರು ಮೋಸ ಮಾಡಿಲ್ಲ. ಕೇಳಿದ್ದಕ್ಕೆ ನಿಜವನ್ನೇ ಹೇಳಿದ್ದಾರೆ. ಇಷ್ಟು ಪ್ರಾಮಾಣಿಕವಾಗಿ ಯುದ್ಧದಲ್ಲಿ ಯಾರನ್ನಾದರೂ ಏಮಾರಿಸಿದ್ದು ನಾನಂತೂ ಕೇಳಿಲ್ಲ.

ಈ ಜನರಲ್ ಸುಮ್ನೆ ಹೆಸರಿನಿಂದ ನೆನಪಿರುವ ಆಸಾಮಿಯಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 1862ರ ಸೆಪ್ಟೆಂಬರ್ 29ರಂದು, ಲೂಯಿವಿಲ್‌ನ ಗಾಲ್ಟ್ ಹೌಸ್ ಹೋಟೆಲಿಗೆ ಹೋದ. ಅಲ್ಲಿ ತನ್ನದೇ ಸೇನೆಯ ಮೇಲಧಿಕಾರಿ, 'ಬುಲ್' ನೆಲ್ಸನ್ ಎಂಬ ಧಡೂತಿ ಜನರಲ್ ಇದ್ದ. ಹಿಂದೆ ಮಾಡಿದ ಅವಮಾನಕ್ಕೆ ಕ್ಷಮೆ ಕೇಳು ಅಂತ ಡೇವಿಸ್ ಪಟ್ಟು ಹಿಡಿದ. ನೆಲ್ಸನ್ ಒಪ್ಪಲಿಲ್ಲ. ಇವನು ಕಾರ್ಡ್ ಒಂದನ್ನು ಮುದುರಿ ಅವನ ಮುಖಕ್ಕೆಸೆದ. ಅವನು ಕೆನ್ನೆಗೆ ಬಾರಿಸಿದ. ಇವನು ಅಲ್ಲಿದ್ದವರ ಹತ್ತಿರ ಪಿಸ್ತೂಲು ಇಸ್ಕೊಂಡು ಗುಂಡು ಹಾರಿಸಿಯೇಬಿಟ್ಟ. ನೆಲ್ಸನ್ ಸತ್ತ. ಶಿಕ್ಷೆ? ಏನೂ ಇಲ್ಲ. ಅಧಿಕಾರಿಗಳ ಕೊರತೆ ಇತ್ತು, ಮತ್ತೆ ಡ್ಯೂಟಿಗೆ ಹಾಜರ್!

ಇಲ್ಲಿಂದ ಮುಂದೆ ನಗೋ ವಿಷಯ ಅಲ್ಲ. 1864ರ ಡಿಸೆಂಬರ್, ಜಾರ್ಜಿಯಾದ ಎಬನೀಜರ್ ಕ್ರೀಕ್ ಎಂಬ ಹೊಳೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ನೂರಾರು ಕಪ್ಪು ಜನ ಇವನ ಪಡೆಯನ್ನೇ ನಂಬಿ ಹಿಂಬಾಲಿಸುತ್ತಿದ್ದರು. ಸೈನಿಕರು ದಾಟಿದ ಕೂಡಲೇ ತೇಲುಸೇತುವೆ ತೆಗೆಸಿಬಿಟ್ಟ. ಹಿಂದೆ ದಕ್ಷಿಣದ ಕುದುರೆ ಪಡೆ, ಮುಂದೆ ತಣ್ಣನೆಯ ನೀರು. ಎಷ್ಟೋ ಜನ ಮುಳುಗಿ ಸತ್ತರು. ಗುಲಾಮಗಿರಿಯ ವಿರುದ್ಧದ ಸೇನೆಯಲ್ಲಿದ್ದ ಮಾತ್ರಕ್ಕೆ ಒಳ್ಳೆಯವನು ಅನ್ನೋಕಾಗಲ್ಲ. ಇದಕ್ಕೂ ಅವನಿಗೆ ಶಿಕ್ಷೆಯಾಗಲಿಲ್ಲ.

ಟೈಮ್ ಆಯ್ತು, ಒಂದೇ ಹೆಸರಿನ ಅಮೆರಿಕದ ಅಧ್ಯಕ್ಷರ ಕಥೆ ಓಡುತ್ತಾ ಹೇಳ್ತೀನಿ. ಆಂಡ್ರ್ಯೂ ಜಾನ್ಸನ್ ಹುಟ್ಟಿದ್ದು 1808, ಲಿಂಡನ್ ಜಾನ್ಸನ್ 1908. ಇಬ್ಬರೂ ಉಪಾಧ್ಯಕ್ಷರು, ಇಬ್ಬರೂ ಅಧ್ಯಕ್ಷರ ಹತ್ಯೆಯಿಂದ ಪಟ್ಟಕ್ಕೆ ಬಂದವರು. ಇಬ್ಬರು ರೂಸ್‌ವೆಲ್ಟ್‌ಗಳು ದೂರದ ದಾಯಾದಿಗಳು. ಆಡಮ್ಸ್‌ಗಳಲ್ಲಿ ಅಪ್ಪ 2ನೇ ಅಧ್ಯಕ್ಷ, ಮಗ 6ನೇ ಅಧ್ಯಕ್ಷ, ಇಬ್ಬರೂ ಜಾನ್. ಆ ಮನೆ ಕಥೆ ಜಾಸ್ತಿ ಇದೆ, ಅದಕ್ಕೆ ಬೇರೆ ವಿಡಿಯೋನೇ ಬೇಕು.