ಬ್ಲೂಬೆರಿ ಕೀಳಲು ಹೊರಟವರಿಗೆ

ನ್ಯೂಜೆರ್ಸಿಯ ಕನ್ನಡ ಕೇಳುಗರಿಗೆ ನಮಸ್ಕಾರ. ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ಬ್ಲೂಬೆರಿ ಕಾಲ. ಹ್ಯಾಮಂಟನ್ ಸುತ್ತಮುತ್ತ ನಾವೇ ಕಿತ್ತುಕೊಂಡು ತೂಕಕ್ಕೆ ದುಡ್ಡು ಕೊಡುವ ತೋಟಗಳಿವೆ. ಮಕ್ಕಳಿಗೆ ರಜೆ, ಊರಿಂದ ಅಪ್ಪ ಅಮ್ಮನೂ ಬಂದಿರುತ್ತಾರೆ. ಖಂಡಿತ ಹೋಗಿ. ಆದರೆ ಒಂದು ಮಾತು ನೆನಪಿಡಿ: ಬ್ಲೂಬೆರಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ.

ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದವರು ನಾವು. ಆ ಲೆಕ್ಕ ಇಲ್ಲಿ ನಡೆಯಲ್ಲ. ನೀಲಿ ಬಣ್ಣ ಬಂದ ಮೇಲೂ ಪೂರ್ತಿ ಸಿಹಿ ತುಂಬಲು ಗಿಡದಲ್ಲೇ ಕೆಲವು ದಿನ ಇರಬೇಕು. ತೊಟ್ಟಿನ ಬುಡ ನೋಡಿ. ಕೆಂಪು ಕಂಡರೆ ಬಿಟ್ಟುಬಿಡಿ. ಗೊಂಚಲಿನ ಕೆಳಗೆ ಅಂಗೈ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ. ಹಣ್ಣಾದದ್ದು ತಾನೇ ಕೈಗೆ ಬೀಳುತ್ತದೆ. ಮಕ್ಕಳು ಸಿಕ್ಕಿದ್ದೆಲ್ಲ ಕಿತ್ತು ಬಕೆಟ್ ತುಂಬುತ್ತಿರುತ್ತಾರೆ, ದೊಡ್ಡವರು ಸುಮ್ನೆ ಫೋಟೋ ತೆಗೆಯುತ್ತಿರುತ್ತಾರೆ. ದಯವಿಟ್ಟು ಮೊದಲು ಇಷ್ಟು ಹೇಳಿಕೊಡಿ.

ಈ ಗಿಡಗಳ ಕಥೆಯನ್ನಂತೂ ನಾನು ಹೇಳಲೇಬೇಕು. ನೂರಿಪ್ಪತ್ತು ವರ್ಷದ ಹಿಂದೆ ಬ್ಲೂಬೆರಿ ಬರೀ ಕಾಡುಹಣ್ಣು. ಇಲ್ಲೇ ವೈಟ್ಸ್‌ಬಾಗ್‌ನಲ್ಲಿ ಎಲಿಜಬೆತ್ ವೈಟ್ ಅವರ ಮನೆಯವರು ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದರು. ಬ್ಲೂಬೆರಿಗೆ ಹುಳಿ ಮಣ್ಣೇ ಬೇಕು ಎಂದು ಕಂಡುಕೊಂಡಿದ್ದ ಸರ್ಕಾರಿ ಸಸ್ಯವಿಜ್ಞಾನಿ ಫ್ರೆಡ್ರಿಕ್ ಕೋವಿಲ್ ಅವರ ಬರಹ ಓದಿ, ನಮ್ಮ ಜಮೀನಿನಲ್ಲೇ ಬೆಳೆಸಿ ನೋಡೋಣ ಎಂದು ಆಕೆ ಅವರಿಗೆ ಕಾಗದ ಬರೆದರು. ಆಮೇಲೆ ಪೈನ್ ಕಾಡಿನ ಜನರ ಕೈಗೆ 5/8 ಇಂಚು ತೂತಿನ ಒಂದು ಅಳತೆಪಟ್ಟಿ ಕೊಟ್ಟರು. ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ದುಡ್ಡು! ಗಿಡಕ್ಕೂ ಅವರದೇ ಹೆಸರು. ರೂಬ್ ಲೀಕ್ ಎಂಬಾತ ಹುಡುಕಿದ ಗಿಡ ‘ರುಬೆಲ್’ ಆಯಿತು. ಇವತ್ತಿಗೂ ಅದನ್ನು ಬೆಳೆಯುತ್ತಾರೆ. 1916ರಲ್ಲಿ ಇವರ ಮೊದಲ ಫಸಲು ಮಾರಾಟಕ್ಕೆ ಹೋಯಿತು. ಎಂಥ ಹೆಣ್ಣುಮಗಳು, ಅಲ್ವಾ?

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಹೊರಡುವ ದಿನ ಬೆಳಿಗ್ಗೆ ತೋಟಕ್ಕೆ ಫೋನ್ ಮಾಡಿ. ಹಿಂದಿನ ದಿನದ ಜನ ಹಣ್ಣೆಲ್ಲ ಕಿತ್ತು ಮುಗಿಸಿದ್ದರೆ ಗೇಟು ಮುಚ್ಚಿರುತ್ತದೆ. ಬಿಸಿಲೇರುವ ಮುಂಚೆ ಹೋಗಿ. ಟೋಪಿ, ನೀರು ಇರಲಿ. ಆಳದ ಬಕೆಟ್ ಬೇಡ, ಅಡಿಯ ಹಣ್ಣು ಜಜ್ಜಿಹೋಗುತ್ತದೆ. ಮನೆಗೆ ತಂದ ತಕ್ಷಣ ತೊಳೆಯಬೇಡಿ, ಮೇಲಿರುವ ಬಿಳಿ ಪುಡಿ ಹಣ್ಣನ್ನು ಕಾಪಾಡುತ್ತದೆ. ಹಾಗೇ ಫ್ರಿಜ್‌ನಲ್ಲಿಡಿ, ತಿನ್ನುವಾಗ ತೊಳೆಯಿರಿ.

ಇಷ್ಟಾದರೂ ಹುಳಿ ಹಣ್ಣು ಬಂದಿದ್ದರೆ ಇಟ್ಟುಕೊಂಡು ಕಾಯಬೇಡಿ. ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ. ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿಬಿಡಿ. ನಮಸ್ಕಾರ.