ಜಿಗಿಯುವ ಮುನ್ನ ಮಂಡಿ ಬಗ್ಗಿಸುವುದು ಯಾಕೆ?

[ಪರದೆ: ಗೋಡೆ ಪಕ್ಕ ನಿಂತ ವ್ಯಕ್ತಿ, ಬೆರಳ ತುದಿಗೆ ಸೀಮೆಸುಣ್ಣ]

ವಿಡಿಯೋ ನಿಲ್ಲಿಸಿ, ಒಂದು ಕೆಲಸ ಮಾಡಿ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು, ಆ ಕೈ ಮೇಲೆತ್ತಿ ಗೋಡೆ ಪಕ್ಕ ನಿಲ್ಲಿ. ಮೊದಲ ಸಲ ಮಂಡಿ ಬಗ್ಗಿಸಿ 3 ಸೆಕೆಂಡ್ ಅಲುಗಾಡದೆ ನಿಂತು, ಅಲ್ಲಿಂದಲೇ ಜಿಗಿದು ಗುರುತು ಹಾಕಿ. ಎರಡನೇ ಸಲ ನೆಟ್ಟಗೆ ನಿಂತು, ಸರಕ್ಕನೆ ಬಗ್ಗಿ, ತಡೆಯದೆ ಚಿಮ್ಮಿ. ಎರಡನೇ ಗುರುತು ಸಾಮಾನ್ಯವಾಗಿ 2–4 ಸೆಂಟಿಮೀಟರ್ ಮೇಲಿರುತ್ತದೆ. ಕಾಲು ಅದೇ, ಸ್ನಾಯುವೂ ಅದೇ. ಹಾಗಾದರೆ ಈ ಹೆಚ್ಚುವರಿ ಎತ್ತರ ಎಲ್ಲಿಂದ ಬಂತು?

[ಅನಿಮೇಷನ್: ಒಂದರೊಳಗೊಂದು ಜಾರುವ ಎಳೆಗಳು]

ಮೂಲ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಸ್ನಾಯುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಎಳೆಗಳಿವೆ. ಸ್ನಾಯು ಕುಗ್ಗಿದಾಗ ಈ ಎಳೆಗಳು ಗಿಡ್ಡ ಆಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರಲ್ಲಿ ಎರಡು ತಂಡಗಳು ಇದನ್ನು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಮಯೋಸಿನ್‌ನ ತಲೆ ಆಕ್ಟಿನ್ ಅನ್ನು ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ. ಪ್ರತಿ ಸುತ್ತಿಗೂ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಹಳ ಜನ ಹೇಳುವ ಉತ್ತರ: ಬಗ್ಗಿದಾಗ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ, ರಬ್ಬರಿನಂತೆ ಹಿಗ್ಗಿ ಶಕ್ತಿ ಕೂಡಿಡುತ್ತದೆ. ಅದು ಸುಳ್ಳಲ್ಲ, ಆದರೆ ನಿಂತಲ್ಲಿಂದ ಜಿಗಿಯುವಾಗ ಮುಖ್ಯ ಕಾರಣ ಅದಲ್ಲ. ಮುಖ್ಯ ಕಾರಣ ಸಮಯ!

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೆದುಳಿನ ಆದೇಶ ಬಂದ ಕೂಡಲೇ ಸ್ನಾಯುವಿಗೆ ಪೂರ್ಣ ಬಲ ಬರುವುದಿಲ್ಲ. ಎಳೆಗಳಿಗೆ ಚಾಲನೆ ಕೊಡುವ ಕ್ಯಾಲ್ಸಿಯಂ ಸ್ನಾಯುವಿನೊಳಗೆ ಬಿಡುಗಡೆಯಾಗಬೇಕು, ಲಕ್ಷಾಂತರ ಮಯೋಸಿನ್ ತಲೆಗಳು ಹಿಡಿತ ಸಾಧಿಸಬೇಕು, ರಜ್ಜು ಬಿಗಿಯಾಗಬೇಕು. ಇದಕ್ಕೆ ಹತ್ತಿರಹತ್ತಿರ 0.3 ಸೆಕೆಂಡ್ ಬೇಕು. ಮಂಡಿ ಬಗ್ಗಿದ ಭಂಗಿಯಿಂದ ಕಾಲು ನೆಲ ಬಿಡುವವರೆಗೆ ಇರುವ ಸಮಯವೂ ಸುಮಾರು ಅಷ್ಟೇ. ಅಂದರೆ ಬಗ್ಗಿ ನಿಂತು ಜಿಗಿದವರ ಸ್ನಾಯು ಪೂರ್ಣ ಬಲಕ್ಕೆ ಬರುವಷ್ಟರಲ್ಲಿ ಬಹುಪಾಲು ದಾರಿ ಮುಗಿದಿರುತ್ತದೆ. ಸರಕ್ಕನೆ ಬಗ್ಗಿದವರಿಗೆ ಹಾಗಲ್ಲ. ಕೆಳಗೆ ಬೀಳುತ್ತಿರುವ ದೇಹವನ್ನು ತಡೆಯಲು ತೊಡೆಯ ಸ್ನಾಯು ಆಗಲೇ ಬಿಗಿಯಬೇಕು. ತೀರಾ ಕೆಳಗೆ ತಲುಪಿದ ಕ್ಷಣದಲ್ಲಿ ಪಾದ ನೆಲವನ್ನು ದೇಹದ ತೂಕದ ಸುಮಾರು ಎರಡು ಪಟ್ಟು ಬಲದಿಂದ ಒತ್ತುತ್ತಿರುತ್ತದೆ. ಮೇಲೇಳುವ ಮೊದಲ ಮಿಲಿಮೀಟರಿನಿಂದಲೇ ಪೂರ್ಣ ಬಲ ಸಿದ್ಧ. ಕೆಳಗೆ ಹೋದಮೇಲೆ ಒಂದು ಕ್ಷಣ ನಿಂತರೂ ಈ ಲಾಭ ಕೈತಪ್ಪುತ್ತದೆ. ಅಭ್ಯಾಸದಲ್ಲಿ ಆಗಾಗ ಕಾಣುವ ತಪ್ಪು ಇದು.

[ಪರದೆ: ಓಡುವ ಕಾಲು, ಹಿಮ್ಮಡಿಯ ಹತ್ತಿರದ ನೋಟ]

ಓಟದಲ್ಲಿ ಮಾತ್ರ ರಜ್ಜುವೇ ನಾಯಕ. ಪಾದ ನೆಲ ಮುಟ್ಟಿರುವುದು ನಿಧಾನ ಓಟದಲ್ಲಿ ಕಾಲು ಸೆಕೆಂಡ್, ವೇಗದ ಓಟಗಾರರಲ್ಲಿ ಬರೀ 0.1 ಸೆಕೆಂಡ್. ಅಷ್ಟರಲ್ಲಿ ಮೀನಖಂಡದ ಸ್ನಾಯುವಿನ ಎಳೆಗಳ ಉದ್ದ ಹೆಚ್ಚು ಬದಲಾಗುವುದಿಲ್ಲ, ಅವು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಹಿಗ್ಗಿ ಕುಗ್ಗುವ ಕೆಲಸ ಹಿಮ್ಮಡಿಯ ಅಕಿಲಿಸ್ ರಜ್ಜುವಿನದು. ಹಿಗ್ಗಿದಾಗ ಪಡೆದ ಶಕ್ತಿಯಲ್ಲಿ 90%ಕ್ಕೂ ಹೆಚ್ಚನ್ನು ಅದು ಮರಳಿಸುತ್ತದೆ. 70 ಕೆಜಿಯ ಓಟಗಾರನ ಒಂದು ಹೆಜ್ಜೆಯಲ್ಲಿ ಸುಮಾರು 100 ಜೂಲ್ ಶಕ್ತಿ ಹೋಗಿ ಬರುತ್ತದೆ ಎಂದುಕೊಳ್ಳಿ. ಅದರಲ್ಲಿ 35 ಜೂಲ್ ಅಕಿಲಿಸ್‌ನಲ್ಲಿ, 17 ಜೂಲ್ ಅಂಗಾಲಿನ ಕಮಾನಿನಲ್ಲಿ ಕೂಡಿಡಬಹುದು ಎಂದು 1987ರಲ್ಲಿ ಕೆರ್, ಅಲೆಗ್ಸಾಂಡರ್ ಮತ್ತು ಸಂಗಡಿಗರು ಎಂಬ ಸಂಶೋಧಕರು ಲೆಕ್ಕ ಹಾಕಿದರು. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದರ ಬಲ ಇಳಿಯುತ್ತದೆ. ಹಾಗಾಗಿ ಕುಗ್ಗದೆ ಹಿಡಿದುಕೊಳ್ಳುವುದೇ ಅದಕ್ಕೆ ಅಗ್ಗದ ಕೆಲಸ. ನನಗಂತೂ ಇಡೀ ದೇಹರಚನೆಯಲ್ಲಿ ಇಷ್ಟು ಚೆಂದದ ಕೆಲಸ ಹಂಚಿಕೆ ಇನ್ನೊಂದಿಲ್ಲ ಅನ್ನಿಸುತ್ತದೆ.

ಇನ್ನು ದಣಿವು. ಸಮಯ ಕಡಿಮೆ ಇದೆ, ಒಟ್ಟಿಗೆ ಹೇಳುತ್ತೇನೆ. ಹಲವರು ಹೇಳುವಂತೆ, ರಭಸದ ಓಟದಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಮರುದಿನದ ನೋವಿಗೆ ಕಾರಣವಲ್ಲ. ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ಅದರ ಮಟ್ಟ ಮೊದಲಿನಂತಾಗುತ್ತದೆ, ನೋವು ಹೆಚ್ಚುವುದೋ 24–72 ಗಂಟೆಗಳ ಬಳಿಕ. ದಣಿವಿನ ಕಾರಣ ಬೇರೆ: ರಭಸದ ಓಟದಲ್ಲಿ ಸ್ನಾಯುವಿನ ತುರ್ತು ಇಂಧನವಾದ ಕ್ರಿಯಾಟಿನ್ ಫಾಸ್ಫೇಟ್ ಒಡೆದು ಫಾಸ್ಫೇಟ್ ಶೇಖರವಾಗಿ ಮಯೋಸಿನ್‌ನ ಹಿಡಿತ ಸಡಿಲವಾಗುತ್ತದೆ, ಕ್ಯಾಲ್ಸಿಯಂ ಬಿಡುಗಡೆಯೂ ಕುಗ್ಗುತ್ತದೆ. ದೂರದ ಓಟದಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಕರಗುತ್ತದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಬಿಗಿದುಕೊಂಡೇ ಹಿಗ್ಗಬೇಕಾಗುತ್ತದೆ, ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬಿದ್ದು ಮರುದಿನದ ನೋವು ಶುರುವಾಗುವುದು ಅಲ್ಲೇ.

[ಪರದೆ: ಜಿಗಿತದ ಅಭ್ಯಾಸ, ಪಾದ ನೆಲ ಮುಟ್ಟುವ ಸದ್ದು]

ಜಿಗಿತದ ಅಭ್ಯಾಸ ಮಾಡುವವರು 5–6 ಜಿಗಿತದ ಗುಂಪು ಮಾಡಿ, ನಡುವೆ 2–3 ನಿಮಿಷ ಬಿಡುವು ಕೊಡಿ. ಕಿವಿ ತೆರೆದಿಡಿ: ಪಾದದ ಸದ್ದು ಚಟ್ ಎನ್ನುವುದು ಬಿಟ್ಟು ಧಪ್ ಎನ್ನತೊಡಗಿದರೆ, ಹಿಮ್ಮಡಿ ನೆಲಕ್ಕೆ ಕುಸಿದರೆ, ಅದು ದಣಿವಿನ ಗುರುತು, ಅಂದಿನ ಅಭ್ಯಾಸ ಅಲ್ಲಿಗೆ ಮುಗಿಸಿ. ಇಳಿಜಾರಿನ ಓಟ ಹೊಸದಾದರೆ ಮೊದಲ ದಿನ 5 ನಿಮಿಷ ಸಾಕು. ಆ ಒಂದು ಸಣ್ಣ ಓಟದಿಂದಲೇ ಸ್ನಾಯು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗಿ, ಮುಂದಿನ ಸಲದ ನೋವು ಕಡಿಮೆಯಾಗುತ್ತದೆ.