ಗಟ್ಟಿಯಾಗಿ ಓದುವ ಪುಸ್ತಕಗಳು

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ನೀವು ಏನು ಮಾಡುತ್ತಿರುತ್ತೀರಿ ಅನ್ನೋ ಅಂದಾಜು ನನಗಿದೆ. ಕುಷ್ಟಗಿ, ಯಲಬುರ್ಗಾ, ಸಿಂಧನೂರು ಕಡೆಯ ತಾಯಂದಿರು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೀರಿ. ಕೆಲವರು ಅಂಗಡಿ ತೆರೆದು ಕೂತಿದ್ದೀರಿ. ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಮೊಬೈಲಿನಲ್ಲಿ ರೇಡಿಯೋ ಹಚ್ಚಿಕೊಂಡವರೂ ಇದ್ದೀರಿ. ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ. ಪುಸ್ತಕದ ಮಾತು ಅಂದ ಕೂಡಲೇ ‘ಅದು ನಮಗಲ್ಲ’ ಅಂತ ಸ್ಟೇಷನ್ ಬದಲಾಯಿಸಬೇಡಿ.

ತಲೆಗೆ ಕೆಲಸ ಕೊಡುವ, ಎಲ್ಲರೂ ಓದಲೇಬೇಕಾದ ಪುಸ್ತಕ ಯಾವುವು ಅಂತ ಆಕಾಶವಾಣಿಯವರು ಕೇಳಿದ್ದಾರೆ. ಹೆಸರು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಇಂಥ ಪುಸ್ತಕವನ್ನು ಒಬ್ಬರೇ ಮೂಲೆಯಲ್ಲಿ ಕೂತು ಓದಬೇಡಿ. ಗಟ್ಟಿಯಾಗಿ ಓದಿ. ಮನೆಮಂದಿಗೆಲ್ಲ ಕೇಳಿಸುವ ಹಾಗೆ ಓದಿ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಮಾಡಿದ ನನಗೆ ಇದನ್ನು ಕಲಿಸಿದ್ದು ಶಾಲೆ ಅಲ್ಲ, ಒಂದು ಅಂಗಳ. ಅದನ್ನು ಹೇಳುತ್ತೇನೆ ಕೇಳಿ.

ಆಗ ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಬೇಸಿಗೆ ರಜೆ. ಮುಂಗಾರಿಗೆ ಮೊದಲು ಬಿತ್ತನೆ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಬೀಜದ ಮೇಲಿನ ಕೆಂಪು ಪೊರೆ ಹರಿದರೆ ಮೊಳಕೆ ಸರಿಯಾಗಿ ಬರೋದಿಲ್ಲ ಅಂತ ಅದನ್ನು ಮಷಿನ್‌ಗೆ ಹಾಕುತ್ತಿರಲಿಲ್ಲ, ಕೈಯಲ್ಲೇ ಸುಲಿಯಬೇಕು. ಏಳೆಂಟು ಹೆಣ್ಣುಮಕ್ಕಳು ನಮ್ಮ ಮನೆಯ ನೆರಳಿನಲ್ಲಿ ಸುತ್ತ ಕೂತು, ಕಾಯಿಯ ಮೂಗನ್ನು ಹೆಬ್ಬೆರಳಲ್ಲಿ ಒತ್ತಿ ಟಪ್ಪಂತ ಒಡೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಉಗುರಿನ ಬುಡ ಕೆಂಪಗಾಗುತ್ತಿತ್ತು. ಸೇರಿಗೆ ಇಷ್ಟು ಅಂತ ಕೂಲಿ. ಜೊತೆಗೆ ಬಂದ ಮಕ್ಕಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಬೈಗುಳ.

ನಾನು ಬಾಗಿಲಲ್ಲಿ ಕೂತು ದೇವನೂರ ಮಹಾದೇವ ಅವರ ‘ಒಡಲಾಳ’ ಓದುತ್ತಿದ್ದೆ. ‘ಏನ್ ಓದಾಕತ್ತೀರಿ ಅಕ್ಕೋರ? ನಮಗೂ ಹೇಳ್ರಿ’ ಅಂದರು. ಅದು ಮೈಸೂರು ಸೀಮೆಯ ಆಡುಮಾತು, ಇವರಿಗೆ ತಿಳಿಯುತ್ತದೋ ಇಲ್ಲವೋ ಅಂತ ನನಗೆ ಅನುಮಾನ. ಸುಮ್ನೆ ಶುರು ಮಾಡಿದೆ. ಸಾಕವ್ವ ಅನ್ನೋ ಮುದುಕಿಯ ಹುಂಜ ಕಳೆದುಹೋಗಿದೆ, ಅವಳು ಹುಡುಕುತ್ತಾಳೆ. ಎರಡನೇ ಪುಟಕ್ಕೆ ಅವರೆಲ್ಲ ಸಾಕವ್ವನ ಹಿಂದೆಯೇ ಹೊರಟಿದ್ದರು. ಕಣ್ಣಿಗೆ ಕಷ್ಟ ಕೊಡುವ ಆಡುಮಾತು ಕಿವಿಗೆ ಏನೂ ಕಷ್ಟ ಕೊಡಲಿಲ್ಲ.

ಮಾರನೇ ದಿನ ಕಡಲೆಕಾಯಿಯ ಭಾಗ ಬಂತು. ಕಡಲೆಕಾಯಿ ಅಂದರೆ ನಮ್ಮ ಶೇಂಗಾ. ಹಸಿದ ಮನೆಗೆ ಸಾಹುಕಾರನ ಮಾಲು ಕದ್ದು ತಂದಿರುತ್ತಾರೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ನಾನು ಓದುತ್ತಾ ತಲೆ ಎತ್ತಿ ನೋಡಿದರೆ ಟಪ್ ಟಪ್ ಸದ್ದು ನಿಂತಿದೆ. ಎಲ್ಲರ ಕೈಯಲ್ಲೂ ಕಾಯಿ ಹಾಗೇ ಇದೆ. ಒಬ್ಬ ದೊಡ್ಡವ್ವ ಕೇಳಿದಳು: ‘ತಿಂದದ್ದು ಸರಿ ಅಕ್ಕೋರ, ಸಿಪ್ಪಿ ಏನ್ ಮಾಡಿದ್ರು? ಸಿಪ್ಪಿ ಸಿಕ್ರ ಸಿಕ್ಕೊಂಡಂಗ ಅಲ್ಲೇನು?’ ಆಕೆಯೇ ಒಂದು ಗಳಿಗೆ ಯೋಚಿಸಿ, ‘ಬೆಂಕಿಗೆ ಹಾಕ್ಬೇಕು’ ಅಂದಳು. ಪುಸ್ತಕದಲ್ಲೂ ಅದೇ ಇತ್ತು. ಸಿಪ್ಪೆ ಬೆಂಕಿಗೇ ಬೀಳುತ್ತಿತ್ತು.

ಬೆಳಿಗ್ಗೆ ಆ ಮನೆಗೆ ಪೊಲೀಸರು ಬರುತ್ತಾರೆ. ಅಲ್ಲಿಗೆ ಓದು ನಿಲ್ಲಿಸಬೇಕಾಯಿತು, ಯಾಕೆಂದರೆ ಜಗಳ ಶುರುವಾಗಿತ್ತು. ಒಬ್ಬಳು, ಕಳವು ಕಳವೇ, ಹಸಿವಾದರೆ ಕೇಳಬೇಕಿತ್ತು ಅಂದಳು. ಕೇಳಿದರೆ ಯಾರು ಕೊಡುತ್ತಾರೆ ಅಂತ ಇನ್ನೊಬ್ಬಳು. ಆಗ ಅದೇ ದೊಡ್ಡವ್ವ, ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿ, ‘ಸಾಕವ್ವನ ಹುಂಜ ಕಳದಾಗ ಪೊಲೀಸ್ರು ಬಂದಿದ್ರೇನು?’ ಅಂದಳು.

ಆ ಪುಸ್ತಕವನ್ನು ನಾನು ಅದಕ್ಕೂ ಮೊದಲು ಎರಡು ಸಲ ಓದಿದ್ದೆ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕವಿರಾಜಮಾರ್ಗ ಬಂದದ್ದು 9ನೇ ಶತಮಾನದಲ್ಲಿ. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಹೇಳುವಾಗ ಅದು ನಮ್ಮ ಕೊಪಣವನ್ನು, ಅಂದರೆ ಕೊಪ್ಪಳವನ್ನು ಹೆಸರಿಸುತ್ತದೆ. ಈ ನಾಡಿನವರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂತಲೂ ಹೇಳುತ್ತದೆ. ಕೂತು ಓದಿ ಕಲಿಯದಿದ್ದರೂ ಕಾವ್ಯದಲ್ಲಿ ಪಳಗಿದವರು ಅಂತ. ಆ ಸಾಲನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ. ಆವತ್ತು ಅದು ನನ್ನೆದುರಿಗೇ ಕೂತಿತ್ತು, ಮಡಿಲ ತುಂಬ ಶೇಂಗಾ ಹಾಕಿಕೊಂಡು.

ಅದಕ್ಕೇ ಹೇಳುವುದು, ಗಟ್ಟಿಯಾಗಿ ಓದಿ. ಇದು ಹೊಸದೇನಲ್ಲ. ಕೊಪ್ಪಳದ ಗವಿಮಠದ ಬಂಡೆ, ಪಾಲ್ಕಿಗುಂಡು, ಆಚೆ ಮಸ್ಕಿ, ಈ ಮೂರೂ ಕಡೆ ಅಶೋಕ ಮಾತು ಕೊರೆಸಿದ್ದಾನೆ. ಆಗ ಓದಲು ಬರುತ್ತಿದ್ದವರು ಎಷ್ಟು ಜನ? ಕಳಿಂಗದ ಶಾಸನಗಳಲ್ಲಿ ಅವನು ಇದನ್ನು ಇಂಥ ದಿನ ಜನರಿಗೆ ಓದಿ ಕೇಳಿಸಬೇಕು ಅಂತಲೇ ಬರೆಸಿದ್ದಾನೆ.

ಕಥೆಯೇ ಜಾಸ್ತಿ ಹೊತ್ತು ತಿಂದಿತು. ಉಳಿದ ಪುಸ್ತಕಗಳನ್ನು ಬೇಗ ಹೇಳುತ್ತೇನೆ, ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ.

ಅಂಬೇಡ್ಕರ್ ಅವರ ‘ಜಾತಿ ವಿನಾಶ’. 1936ರಲ್ಲಿ ಲಾಹೋರಿನ ಒಂದು ಸಭೆಗೆ ಬರೆದ ಭಾಷಣ ಅದು. ಬರೆದದ್ದನ್ನು ನೋಡಿ ಕರೆದವರೇ ಹಿಂಜರಿದರು, ಸಭೆ ರದ್ದಾಯಿತು. ಅಂಬೇಡ್ಕರ್ ತಮ್ಮ ಖರ್ಚಿನಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಂದರೆ ಆ ಭಾಷಣ ಆಗಲೇ ಇಲ್ಲ. ನೀವು ಗಟ್ಟಿಯಾಗಿ ಓದಿದರೆ ಅದು ನಿಮ್ಮ ಪಡಸಾಲೆಯಲ್ಲಿ ಆಗುತ್ತದೆ. ದಯವಿಟ್ಟು ಓದಿ.

ಅನಂತಮೂರ್ತಿಯವರ ‘ಸಂಸ್ಕಾರ’, 1965ರದ್ದು. ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಯಾರು ಸಂಸ್ಕಾರ ಮಾಡಬೇಕು ಅಂತ ಶಾಸ್ತ್ರ ಹುಡುಕುತ್ತಾ ಎಲ್ಲರೂ ಉಪವಾಸ ಕೂತಿದ್ದಾರೆ. ಅಲ್ಲಿಗೆ ಪುಸ್ತಕ ಮುಚ್ಚಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಮನೆಯವರನ್ನು ಕೇಳಿ. ತೇಜಸ್ವಿಯವರ ‘ಕರ್ವಾಲೊ’ ಮಕ್ಕಳಿಂದ ಓದಿಸಿ. ಊರವರು ದಡ್ಡ ಅಂದುಕೊಂಡ ಮಂದಣ್ಣನನ್ನು ಒಬ್ಬ ವಿಜ್ಞಾನಿ ಯಾಕೆ ಅಷ್ಟು ಗೌರವದಿಂದ ನೋಡುತ್ತಾನೆ ಅಂತ ಮಕ್ಕಳೇ ಹೇಳಲಿ. ನಮ್ಮ ಸೀಮೆಯದೇ ಬೇಕು ಅನ್ನುವವರಿಗೆ ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ‘ಅರಮನೆ’ ಇದೆ, ಸಂಡೂರಿನ ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ ಇದೆ. ಎರಡೂ ದೊಡ್ಡವು. ಹೆದರಬೇಡಿ, ದಿನಕ್ಕೆ ಹತ್ತು ಪುಟ ಸಾಕು.

ಟೈಮ್ ಇಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಧಾರಾವಾಹಿಗೆ ಅರ್ಧ ಗಂಟೆ ಸಿಗುತ್ತದೆ, ಅಲ್ವಾ? ಅದರಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ. ಓದಲು ಬರುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕು. ಎಂಟನೇ ತರಗತಿಯ ಹುಡುಗಿ ಓದಲಿ, ಅಜ್ಜಿ ಕೇಳಲಿ. ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಹೋಗಿ ಕೇಳಿ. ಇಲ್ಲ ಅಂದರೆ ತರಿಸಿಕೊಡಿ ಅಂತ ಮತ್ತೆ ಮತ್ತೆ ಕೇಳಿ.

ನಮ್ಮ ಓಣಿಯಲ್ಲಿ ಈಗ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ನಡೆದಿದೆ. ದೇವರ ಬಗ್ಗೆ ಅಜ್ಜಿ ಆಡುವ ಮಾತಿಗೆ ನಿನ್ನೆ ಇಬ್ಬರು ಸಿಟ್ಟು ಮಾಡಿಕೊಂಡು ಎದ್ದು ಹೋದರು. ಇವತ್ತು ಬೆಳಿಗ್ಗೆ ಅವರಲ್ಲೊಬ್ಬರು ನಳದ ಹತ್ತಿರ ಸಿಕ್ಕಿ, ‘ಸಂಜೀಕ ಎಷ್ಟೊತ್ತಿಗೆ ಅಕ್ಕೋರ?’ ಅಂತ ಕೇಳಿದರು. ಏಳಕ್ಕೆ ಅಂತ ಹೇಳಿ ಬಂದಿದ್ದೇನೆ.

ನಮಸ್ಕಾರ.